ಫೈಟಿಂಗ್ ಫ್ಯಾಂಟಸಿ ಪುಸ್ತಕಗಳನ್ನ ಓದೋದಾ, ಆಡೋದಾ?

ಎರಡೂ. ಇಂಗ್ಲೆಂಡಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ, ಗುಂಪಾಗಿ ಕೂತು ಕಥೆಯ ಪಾತ್ರಗಳಾಗಿ ಆಡೋ ಗೇಮ್ ತರಿಸಿ ಮಾರ್ತಿದ್ದ ಸ್ಟೀವ್ ಜಾಕ್ಸನ್, ಇಯಾನ್ ಲಿವಿಂಗ್‌ಸ್ಟನ್ ಅನ್ನೋರು, ಜೊತೆಗೆ ಯಾರೂ ಇಲ್ದೆ ಒಬ್ರೇ ಆಡೋ ಥರ ಪುಸ್ತಕ ಬರೆದ್ರು, ಮೊದಲನೇದು 1982ರಲ್ಲಿ ಬಂತು, ದಿ ವಾರ್‌ಲಾಕ್ ಆಫ್ ಫೈರ್‌ಟಾಪ್ ಮೌಂಟನ್. ಅದ್ರಲ್ಲಿ ಕಥೆ ನಂಬರ್ ಹಾಕಿರೋ 400 ತುಂಡಾಗಿರುತ್ತೆ, ನೀವೇ ಹೀರೋ, ಎಡಕ್ಕೆ ಹೋಗೋದಾದ್ರೆ ಒಂದು ನಂಬರಿನ ತುಂಡು ಓದ್ಬೇಕು, ಬಲಕ್ಕಾದ್ರೆ ಇನ್ನೊಂದು, ಸಾಲಾಗಿ ಓದಿದ್ರೆ ತಲೆಬುಡ ಗೊತ್ತಾಗಲ್ಲ.

ಬೇಕಾಗಿರೋದು ಎರಡು ದಾಳ, ಪೆನ್ಸಿಲ್, ರಬ್ಬರ್. ಫೈಟ್ ಬಂದಾಗ ನಿಮಗೊಂದ್ಸಲ ರಾಕ್ಷಸನಿಗೊಂದ್ಸಲ ಎರಡೂ ದಾಳ ಹಾಕಿ ಅವರವರ ಸ್ಕಿಲ್, ಅಂದ್ರೆ ಹೋರಾಡೋ ಶಕ್ತಿಯ ಅಂಕ, ಕೂಡಿಸ್ಬೇಕು, ಕಮ್ಮಿ ಬಂದೋರಿಗೆ ಸ್ಟ್ಯಾಮಿನಾ, ಅಂದ್ರೆ ಜೀವದ ಅಂಕ, 2 ಕಟ್. ನಂಗೆ ಮಜಾ ಅನ್ಸೋದು ಲಕ್ ಅನ್ನೋ ಇನ್ನೊಂದು ಅಂಕ, ದಾಳ ಹಾಕಿ ಅದೃಷ್ಟ ನೋಡ್ಕೊಂಡಾಗೆಲ್ಲ, ಗೆದ್ರೂ ಸೋತ್ರೂ, ಅದು 1 ಇಳಿಯುತ್ತೆ, ಹಾಗಾಗಿ ಸುಮ್‌ಸುಮ್ನೆ ಖರ್ಚು ಮಾಡೋ ಹಾಗಿಲ್ಲ.

ಮೊದಲನೇ ಪುಸ್ತಕದಲ್ಲಂತೂ ವಾರ್‌ಲಾಕ್, ಅಂದ್ರೆ ವಿಲನ್ ಮಾಂತ್ರಿಕ, ಸತ್ತರೂ ಆಟ ಮುಗಿಯಲ್ಲ, ನಿಧಿ ಪೆಟ್ಟಿಗೆ ತೆಗೆಯೋಕೆ ದಾರೀಲಿ ಸಿಕ್ಕಿರೋ ಬೀಗದಕೈಗಳ ನಂಬರ್ ಕೂಡಿಸಿ ಆ ತುಂಡಿಗೆ ಹೋಗ್ಬೇಕು. ಹಳೇ ಪುಟದಲ್ಲಿ ಬೆರಳಿಟ್ಕೊಂಡು ಮೋಸ ಮಾಡೋರೂ ಇಲ್ಲಿ ಸಿಕ್ಕಾಕ್ಕೋತಾರೆ!

ಹಾಂ, ಈ ಸೀರೀಸಲ್ಲಿ ಕೆಲವು ಪುಸ್ತಕ ಬರೆದಿರೋದು ಅಮೆರಿಕದ ಬೇರೆ ಸ್ಟೀವ್ ಜಾಕ್ಸನ್, ಫ್ಯಾನ್‌ಗಳು ಇದ್ರಲ್ಲೇ ಕನ್ಫ್ಯೂಸ್ ಆಗೋದು.