ಓದುಗರ ಪ್ರಶ್ನೆ: ಲಾರೆನ್ಸ್‌ನನ್ನು ಎಲ್ಲಿಂದ ಓದಬೇಕು?

ಪ್ರಶ್ನೆ: ಇಂಗ್ಲಿಷ್ ಕಾದಂಬರಿಕಾರ ಡಿ. ಎಚ್. ಲಾರೆನ್ಸ್ ಹೆಸರು ಎತ್ತಿದರೆ ಸಾಕು, ನಮ್ಮ ಮನೆಯಲ್ಲಿ ಮುಖ ಸಿಂಡರಿಸುತ್ತಾರೆ. ಅಶ್ಲೀಲ ಬರೆದವನು ಅನ್ನುವುದು ಬಿಟ್ಟರೆ ಅವನಲ್ಲಿ ಏನಿದೆ? ಓದುವುದಾದರೆ ಯಾವುದರಿಂದ ಶುರು ಮಾಡಲಿ? (ತುಮಕೂರಿನ ಓದುಗರು)

ಉತ್ತರ: 'ಲೇಡಿ ಚಾಟರ್ಲೀಸ್ ಲವರ್' ಒಂದರಿಂದ ಮಾತ್ರ ಶುರು ಮಾಡಬೇಡಿ. ಅದು ಅವನ ಕೊನೆಯ ದೊಡ್ಡ ಕಾದಂಬರಿ, 1928ರದ್ದು, ಮೈಯೆಲ್ಲ ಕ್ಷಯ ತಿನ್ನುತ್ತಿದ್ದಾಗ ಬರೆದದ್ದು. ಎರಡೇ ವರ್ಷಕ್ಕೆ, 44ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಎಲ್ಲರೂ ಈ ತುದಿಯನ್ನೇ ಹಿಡಿದು ಎಳೆಯುತ್ತಾರೆ, ಹಾಗಾಗಿ ಮೊದಲಿನ ಲಾರೆನ್ಸ್ ಜಾಸ್ತಿ ಜನರಿಗೆ ಸಿಗುವುದೇ ಇಲ್ಲ.

ಒಂದು ಸಣ್ಣಕಥೆ ಓದಿ. ಹೆಸರು 'ಓಡರ್ ಆಫ್ ಕ್ರಿಸಾಂಥಮಮ್ಸ್', ಅಂದರೆ ಸೇವಂತಿಗೆಯ ವಾಸನೆ. 1911ರಲ್ಲಿ 'ಇಂಗ್ಲಿಷ್ ರಿವ್ಯೂ' ಪತ್ರಿಕೆಯಲ್ಲಿ ಬಂತು. ಎಲಿಜಬೆತ್ ಬೇಟ್ಸ್ ಎರಡು ಮಕ್ಕಳ ತಾಯಿ, ಹೊಟ್ಟೆಯಲ್ಲಿ ಇನ್ನೊಂದಿದೆ. ಕಲ್ಲಿದ್ದಲ ಗಣಿಗೆ ಹೋದ ಗಂಡ ಹೊತ್ತಾದರೂ ಬಂದಿಲ್ಲ. ಮತ್ತೆ ಕುಡಿಯೋಕೆ ಕೂತಿರಬೇಕು ಅಂತ ಅವಳು ಒಳಗೊಳಗೇ ಕುದಿಯುತ್ತಾಳೆ, ಮಕ್ಕಳ ಮೇಲೆ ರೇಗುತ್ತಾಳೆ, ಅಕ್ಕಪಕ್ಕದವರನ್ನು ಕೇಳಿ ಬರುತ್ತಾಳೆ. ಕೊನೆಗೆ ಹೆಣ ಮನೆಗೆ ಬರುತ್ತದೆ. ಗಣಿಯೊಳಗೆ ಮಣ್ಣು ಕುಸಿದು ದಾರಿ ಮುಚ್ಚಿ, ಉಸಿರುಗಟ್ಟಿ ಸತ್ತಿದ್ದಾನೆ, ಮೈ ಮೇಲೆ ಗಾಯದ ಗುರುತಿಲ್ಲ. ಅತ್ತೆ ಸೊಸೆ ಇಬ್ಬರೂ ಕೂತು ಆ ಮೈಯನ್ನು ತೊಳೆಯುತ್ತಾರೆ. ಆಗ ಅವಳಿಗೆ ಹೊಳೆಯುತ್ತದೆ: ಇಷ್ಟು ವರ್ಷ ಸಂಸಾರ ಮಾಡಿದ ಈ ಮನುಷ್ಯ ಯಾರು ಅಂತ ತನಗೆ ಗೊತ್ತೇ ಇರಲಿಲ್ಲ, ತಾನು ದಿನಾ ಜಗಳ ಆಡಿದ್ದು ಇವನ ಜೊತೆ ಅಲ್ಲವೇ ಅಲ್ಲ.

ನನ್ನ ಪ್ರಕಾರ ಲಾರೆನ್ಸ್ ಬದುಕಿಡೀ ಬರೆದದ್ದು ಇದನ್ನೇ. ಒಂದೇ ಸೂರಿನಡಿ ಇರುವ ಇಬ್ಬರು ಒಬ್ಬರಿಗೊಬ್ಬರು ಗೊತ್ತಾಗದೆ ಉಳಿಯುವುದು. ಅವನ ಬರಹದಲ್ಲಿ ಮೈ, ಮುಟ್ಟುವುದು, ಕಾಮ ಎಲ್ಲ ಇಷ್ಟೊಂದು ಬರುವುದಕ್ಕೂ ಇದೇ ಕಾರಣ. ಮಾತು ಸೋತ ಕಡೆ ಮೈಯಾದರೂ ಇನ್ನೊಬ್ಬರನ್ನು ಅರಿಯಬಹುದು ಅಂತ ಅವನು ನಿಜವಾಗಿ ನಂಬಿದ್ದ. ಈ ಕಥೆ ಹಿಡಿಸಿದರೆ ಮುಂದೆ ಹೋಗಿ, ಹಿಡಿಸದಿದ್ದರೆ ಬಲವಂತ ಬೇಡ.

ಪ್ರಶ್ನೆ: 'ಸನ್ಸ್ ಅಂಡ್ ಲವರ್ಸ್' ನಮಗೆ ಪಠ್ಯ. ತಾಯಿ ಒಳ್ಳೆಯವಳು, ಅಪ್ಪ ಕುಡುಕ, ಮಗನಿಗೆ ತಾಯಿಯ ಮೇಲೆ ಅತಿ ಮೋಹ, ಫ್ರಾಯ್ಡ್ ಹೇಳಿದಂತೆಯೇ ಇದೆ ಅಂತ ಬರೆದರೆ ಅಂಕ ಸಿಗುತ್ತದಂತೆ. ನನಗೆ ಮಾತ್ರ ಓದುವಾಗ ಆ ಅಪ್ಪನನ್ನು ನೋಡಿ ಪಾಪ ಅನ್ನಿಸಿತು. ಇದು ತಪ್ಪಾ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ಖಂಡಿತ ತಪ್ಪಲ್ಲ. ಪುಸ್ತಕವನ್ನು ನೀವೇ ಓದಿದ್ದೀರಿ ಅನ್ನುವುದಕ್ಕೆ ಇದೇ ಸಾಕ್ಷಿ, ನನಗಂತೂ ತುಂಬ ಖುಷಿಯಾಯಿತು.

ಲಾರೆನ್ಸ್ ಹುಟ್ಟಿದ್ದು 1885ರಲ್ಲಿ, ನಾಟಿಂಗ್‌ಹ್ಯಾಮ್‌ಶೈರ್‌ನ ಈಸ್ಟ್‌ವುಡ್ ಎಂಬ ಗಣಿ ಊರಿನಲ್ಲಿ. ಅಪ್ಪ ಆರ್ಥರ್ ಚಿಕ್ಕಂದಿನಿಂದಲೇ ಗಣಿಗೆ ಇಳಿದವನು, ಆ ಸೀಮೆಯ ಆಡುಮಾತೇ ಅವನ ಮಾತು. ಅಮ್ಮ ಲಿಡಿಯಾ ಒಂದು ಕಾಲಕ್ಕೆ ಪಾಠ ಹೇಳಿದವಳು, ಪುಸ್ತಕ ಓದುವವಳು, ಮಕ್ಕಳು ಗಣಿಗೆ ಹೋಗಕೂಡದು ಅಂತ ಹಟ ಹಿಡಿದವಳು. ಮಗ ಅಮ್ಮನ ಪಕ್ಷ. 1910ರ ಡಿಸೆಂಬರ್‌ನಲ್ಲಿ ಅವಳು ಕ್ಯಾನ್ಸರ್‌ನಿಂದ ತೀರಿಹೋದಳು. ಆ ದುಃಖ ಇನ್ನೂ ಹಸಿಯಾಗಿದ್ದಾಗಲೇ ಈ ಕಾದಂಬರಿಯನ್ನು ತಿದ್ದಿ ತಿದ್ದಿ ಬರೆದ, 1913ರಲ್ಲಿ ಅಚ್ಚಾಯಿತು.

ಹಾಗಾಗಿ ಕಥೆ ಹೇಳುವ ದನಿ ಅಮ್ಮನ ಕಡೆಗೇ ವಾಲುತ್ತದೆ. ಕಾದಂಬರಿಯ ಅಪ್ಪ ವಾಲ್ಟರ್ ಮೊರೆಲ್ ಸಾಧುವೂ ಅಲ್ಲ ಬಿಡಿ. ಬಸುರಿ ಹೆಂಡತಿಯನ್ನು ರಾತ್ರಿ ಹೊರಗೆ ದೂಡಿ ಬಾಗಿಲು ಹಾಕುತ್ತಾನೆ, ಇನ್ನೊಮ್ಮೆ ಮೇಜಿನ ಡ್ರಾಯರ್ ಎಸೆದು ಅವಳ ಹಣೆ ಒಡೆಯುತ್ತಾನೆ. ಆದರೆ ಬೆಳಗಿನ ಜಾವ ಅವನೊಬ್ಬನೇ ಎದ್ದು ಒಲೆಯ ಮುಂದೆ ಕೂರುವ ಭಾಗವನ್ನು ಮತ್ತೊಮ್ಮೆ ಓದಿ. ಫೋರ್ಕ್‌ಗೆ ಮಾಂಸದ ತುಂಡು ಚುಚ್ಚಿ ಬೆಂಕಿಗೆ ಹಿಡಿದು, ತೊಟ್ಟಿಕ್ಕುವ ಕೊಬ್ಬನ್ನು ಬ್ರೆಡ್ ಮೇಲೆ ಹಿಡಿದುಕೊಂಡು, ಯಾರ ಕಾಟವೂ ಇಲ್ಲದೆ ಸುಖವಾಗಿ ತಿನ್ನುತ್ತಾನೆ. ಅಥವಾ ಗಣಿಯಲ್ಲಿ ಸಿಡಿಸಲು ಬೇಕಾದ ಬತ್ತಿಗಳನ್ನು ಮನೆಯಲ್ಲೇ ಮಾಡುವ ಸಂಜೆ ನೋಡಿ: ಗೋಧಿ ಹುಲ್ಲಿನ ಕಡ್ಡಿಗಳನ್ನು ಅವನು ಕತ್ತರಿಸಿ ಕೊಡುತ್ತಾನೆ, ಮಕ್ಕಳು ಮದ್ದು ತುಂಬುತ್ತಾರೆ, ಜೊತೆಗೆ ಅವನು ಗಣಿಯೊಳಗಿನ ಪುಟ್ಟ ಕುದುರೆಯ ಕಥೆ ಹೇಳುತ್ತಾನೆ, ಮಕ್ಕಳು ಬಾಯಿಬಿಟ್ಟು ಕೇಳುತ್ತವೆ. ದ್ವೇಷ ಮಾತ್ರ ಇದ್ದಿದ್ದರೆ ಇದನ್ನೆಲ್ಲ ಇಷ್ಟು ಚೆನ್ನಾಗಿ ಬರೆಯೋಕೆ ಆಗುತ್ತಿರಲಿಲ್ಲ, ಅಲ್ವಾ? ಹತ್ತು ವರ್ಷದ ಮೇಲೆ, ಅಮೆರಿಕನ್ ಸಾಹಿತ್ಯದ ಬಗ್ಗೆ ಬರೆಯುತ್ತಾ, ಬರೆದವನನ್ನು ನಂಬಬೇಡಿ, ಕಥೆಯನ್ನು ನಂಬಿ ಅಂತ ಲಾರೆನ್ಸ್ ಹೇಳಿದ. ಅವನ ಈ ಕಾದಂಬರಿಗೇ ಆ ಮಾತು ಸರಿಯಾಗಿ ಹೊಂದುತ್ತದೆ.

ಫ್ರಾಯ್ಡ್ ವಿಚಾರ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ನೋವು ತಾಳಲಾರದ ತಾಯಿಗೆ ಮಗ ಪಾಲ್ ಮತ್ತು ಮಗಳು ಆ್ಯನಿ ಹಾಲಿನಲ್ಲಿ ಜಾಸ್ತಿ ಮಾರ್ಫಿಯಾ ಬೆರೆಸಿ ಕೊಡುತ್ತಾರಲ್ಲ, ಅದನ್ನು ಒಂದು ಸಿದ್ಧಾಂತದ ಹೆಸರು ಹಾಕಿ ದಾಟಿಬಿಡಬೇಡಿ. ಇನ್ನೊಂದು ವಿಷಯ. ಸಂಪಾದಕ ಎಡ್ವರ್ಡ್ ಗಾರ್ನೆಟ್ ಹಸ್ತಪ್ರತಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಕತ್ತರಿಸಿದ್ದರು. ಪೂರ್ತಿ ರೂಪ ಹೊರಬಂದದ್ದು 1992ರಲ್ಲಿ. ಅಣ್ಣ ವಿಲಿಯಂನ ಭಾಗಗಳೇ ಕತ್ತರಿಗೆ ಹೆಚ್ಚು ಸಿಕ್ಕಿದ್ದವು, ಹಾಗಾಗಿ ನಿಮ್ಮ ಕೈಲಿರುವುದು ಯಾವ ಆವೃತ್ತಿ ಅಂತ ನೋಡಿಕೊಳ್ಳಿ.

ಪ್ರಶ್ನೆ: ಲೇಡಿ ಚಾಟರ್ಲಿ ಕೇಸು ಇಂಗ್ಲೆಂಡಿನಲ್ಲಿ ಮಾತ್ರ ನಡೆದದ್ದಾ? ನಮ್ಮಲ್ಲೂ ಏನೋ ಆಗಿತ್ತು ಅಂತ ಕೇಳಿದ್ದೆ. (ಬೆಂಗಳೂರಿನ ಓದುಗರು)

ಉತ್ತರ: ಆಗಿತ್ತು, ಮತ್ತು ಅದನ್ನು ನಾವು ಮರೆತಿರುವುದು ಬೇಸರದ ಸಂಗತಿ. ಲಂಡನ್ನಿನ ಕಥೆ ಎಲ್ಲರಿಗೂ ಗೊತ್ತು. ಈ ಕಾದಂಬರಿ ಅಶ್ಲೀಲ ಅಂತ 1960ರಲ್ಲಿ ಪೆಂಗ್ವಿನ್ ಪ್ರಕಾಶನದ ಮೇಲೆ ಮೊಕದ್ದಮೆ. ನಿಮ್ಮ ಹೆಂಡತಿ ಅಥವಾ ಮನೆಯ ಆಳುಗಳು ಓದಲಿ ಅಂತ ನೀವು ಬಯಸುವ ಪುಸ್ತಕವೇ ಇದು ಅಂತ ಸರ್ಕಾರಿ ವಕೀಲರು ಕೇಳಿದರು. ಆ ಜ್ಯೂರಿಯಲ್ಲಿ ಮೂವರು ಹೆಂಗಸರೇ ಇದ್ದರು! ಪೆಂಗ್ವಿನ್ ಗೆದ್ದಿತು.

ನಮ್ಮಲ್ಲಿ ಸಿಕ್ಕಿಬಿದ್ದದ್ದು ದೊಡ್ಡ ಪ್ರಕಾಶಕರಲ್ಲ, ಬಾಂಬೆಯ ಒಂದು ಪುಸ್ತಕದಂಗಡಿಯ ಪಾಲುದಾರರು. ಅವರಲ್ಲಿ ರಂಜಿತ್ ಉದೇಶಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಪುಸ್ತಕದ ಪರವಾಗಿ ಸಾಕ್ಷಿ ಹೇಳಿದ್ದರು. 1964ರಲ್ಲಿ ಕೋರ್ಟು ಶಿಕ್ಷೆಯನ್ನು ಎತ್ತಿಹಿಡಿಯಿತು. ಒಳಗೆ ಏನಿದೆ ಅಂತ ಮಾರುವವನಿಗೆ ಗೊತ್ತಿತ್ತು ಅಂತ ಸಾಬೀತು ಮಾಡುವ ಅಗತ್ಯವೂ ಇಲ್ಲ ಅಂದಿತು. ಪುಸ್ತಕ ಅಶ್ಲೀಲವೇ ಅಂತ ನಿರ್ಧರಿಸಲು ಬಳಸಿದ ಅಳತೆ 1868ರ ಇಂಗ್ಲಿಷ್ ತೀರ್ಪೊಂದರದ್ದು, ಹಿಕ್ಲಿನ್ ಪರೀಕ್ಷೆ ಅಂತ ಹೆಸರು. ಇಂಗ್ಲೆಂಡ್ 1959ರ ಕಾನೂನಿನಲ್ಲೇ ಹೊಸ ದಾರಿ ಹಿಡಿದಿತ್ತು, ನಾವು ಅವರ ಹಳೆಯದನ್ನು ಹಿಡಿದುಕೊಂಡೆವು. ಅದನ್ನು ನಮ್ಮ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಕೈಬಿಟ್ಟದ್ದು 2014ರಲ್ಲಿ, ಬೇರೊಂದು ಪ್ರಕರಣದಲ್ಲಿ. ಅಲ್ಲಿಯವರೆಗೆ ಎಷ್ಟು ಅಂಗಡಿಯವರು ಸುಮ್ನೆ ಹೆದರಿ ಎಷ್ಟು ಪುಸ್ತಕ ಒಳಗಿಟ್ಟಿರಬಹುದು ಅಂತ ಯೋಚಿಸಿದರೆ ಈಗಲೂ ಸಿಟ್ಟು ಬರುತ್ತದೆ.

ಪ್ರಶ್ನೆ: 'ದ ರೇನ್‌ಬೋ'ದ ಅರ್ಸುಲಾ ನನಗೆ ತುಂಬ ಇಷ್ಟ. ಆದರೆ ಲಾರೆನ್ಸ್ ಹೆಂಗಸರ ವಿರೋಧಿ ಅಂತ ಗೆಳತಿ ವಾದಿಸುತ್ತಾಳೆ. ಯಾರು ಸರಿ? (ಶಿರಸಿಯ ಓದುಗರು)

ಉತ್ತರ: ನಿಮ್ಮ ಗೆಳತಿಯ ಮಾತಿನಲ್ಲಿ ಹುರುಳಿದೆ. ಅಮೆರಿಕದ ಸ್ತ್ರೀವಾದಿ ಲೇಖಕಿ ಕೇಟ್ ಮಿಲೆಟ್ 1970ರಲ್ಲೇ ಅದನ್ನು ಕಟುವಾಗಿ ಬರೆದರು. 1926ರ 'ದ ಪ್ಲೂಮ್ಡ್ ಸರ್ಪೆಂಟ್' ಓದಿದರೆ ಅವರ ಸಿಟ್ಟು ಅರ್ಥವಾಗುತ್ತದೆ. ಗಂಡಸು ನಾಯಕ, ಹೆಂಗಸು ತಲೆಬಾಗಲಿ ಅನ್ನುವ ಆ ಉಪದೇಶ ನನಗೆ ಸಹಿಸಲು ಆಗುವುದಿಲ್ಲ, ಸಮರ್ಥಿಸುವುದೂ ಇಲ್ಲ.

ಹಾಗಂತ ನಿಮ್ಮ ಅರ್ಸುಲಾಳನ್ನು ಬಿಟ್ಟುಕೊಡಬೇಡಿ. ಸಂಬಳಕ್ಕಾಗಿ ಶಾಲೆಗೆ ಹೋಗಿ, ಗದ್ದಲದ ಆ ತರಗತಿಯಲ್ಲಿ ನಲುಗಿ, ಕೊನೆಗೆ ತಾನೇ ಬೆತ್ತ ಹಿಡಿದು ಒಳಗೊಳಗೆ ಮುರಿಯುವ ಹುಡುಗಿಯನ್ನು 1915ರಲ್ಲಿ ಇಷ್ಟು ನಿಜವಾಗಿ ಬರೆದವರು ಕಡಿಮೆ. (ಲಾರೆನ್ಸ್ ಕೂಡ ಕ್ರಾಯ್ಡನ್‌ನಲ್ಲಿ ಮೇಷ್ಟ್ರಾಗಿದ್ದ.) ಆ ಪುಸ್ತಕ ಬಂದ ಎರಡೇ ತಿಂಗಳಿಗೆ ಅಶ್ಲೀಲ ಅಂತ ಕೋರ್ಟು ಸಾವಿರಕ್ಕೂ ಹೆಚ್ಚು ಪ್ರತಿಗಳನ್ನು ನಾಶ ಮಾಡಿಸಿತು, ಪ್ರಕಾಶಕರು ಅವನ ಪರ ನಿಲ್ಲಲೇ ಇಲ್ಲ. 'ವಿಮೆನ್ ಇನ್ ಲವ್'ನಲ್ಲೂ ಅವಳೇ ಬರುತ್ತಾಳೆ. ಅಲ್ಲಿ ಬರ್ಕಿನ್ ಎಂಬ ಗಂಡಸು ಲಾರೆನ್ಸ್‌ನ ಮಾತನ್ನೇ ಭಾಷಣ ಬಿಗಿಯುತ್ತಾನೆ, ಅವಳು ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡುತ್ತಾಳೆ, ಅವನು ಕೊಟ್ಟ ಉಂಗುರಗಳನ್ನು ಕೆಸರಿಗೆ ಎಸೆಯುತ್ತಾಳೆ. ಎದುರುತ್ತರ ಕೊಡುವ ಹೆಂಗಸು ಇದ್ದಷ್ಟು ದಿನ ಅವನ ಕಾದಂಬರಿಗೆ ಜೀವ ಇತ್ತು. ಅವಳ ಬಾಯಿ ಮುಚ್ಚಿಸಿದ ಮೇಲೆ ಉಪದೇಶವಷ್ಟೇ ಉಳಿಯಿತು. ಇಬ್ಬರೂ ಸೇರಿ ಇವೆರಡನ್ನೂ ಒಟ್ಟಿಗೆ ಓದಿ, ಆಮೇಲೆ ಜಗಳ ಮುಂದುವರಿಸಿ.

ಪ್ರಶ್ನೆ: ಲಾರೆನ್ಸ್ ಭಾರತಕ್ಕೆ ಬಂದಿದ್ದನೇ? (ಹಾಸನದ ಓದುಗರು)

ಉತ್ತರ: ಇಲ್ಲ. 1922ರಲ್ಲಿ ಸಿಲೋನಿನ ಕ್ಯಾಂಡಿಯವರೆಗೆ ಬಂದು ಕೆಲವು ವಾರ ಇದ್ದ, ಸೆಕೆ ತಡೆಯದೆ ಆಸ್ಟ್ರೇಲಿಯಾ ಕಡೆ ಹೊರಟ. ಕ್ಯಾಂಡಿಯಲ್ಲಿ ವೇಲ್ಸ್ ರಾಜಕುಮಾರನಿಗಾಗಿ ನಡೆದ ಆನೆಗಳ ಮೆರವಣಿಗೆ ನೋಡಿದ್ದನ್ನು 'ಎಲಿಫೆಂಟ್' ಎಂಬ ಕವನದಲ್ಲಿ ಬರೆದಿದ್ದಾನೆ.