ರಿಗ್ ಬಿಚ್ಚುವಾಗ ಒಬ್ಬರು ತೀರ್ಕೊಂಡಿದ್ದಾರೆ, ತನಿಖೆ ನನ್ನ ಮೇಲೆ ಬಂದಿದೆ. ತಪ್ಪು ಯಾರದ್ದು ಅಂತ ಕಂಡುಹಿಡಿಯೋದು ಹೇಗೆ?

ನಿಮ್ಮ ಪ್ರಶ್ನೆ ಓದ್ತಾ ನನ್ನದೇ ಹಳೇ ಫೈಲ್ ತೆಗೆದು ನೋಡಿದ ಹಾಗಾಯ್ತು. ರಿಗ್ ಡೌನ್, ಅಂದ್ರೆ ಬಾವಿ ಕೊರೆಯೋ ರಿಗ್ ಬಿಚ್ಚೋ ಟೈಮಲ್ಲಿ, ಮಾಸ್ಟ್ (ರಿಗ್ಗಿನ ಎತ್ತರದ ಗೋಪುರ) ಸೆಕ್ಷನ್ ಬಡಿದು ಸಾವು, ಬುಧವಾರ ಕ್ರೇನ್ ಬೇರೆ ಕೆಲಸಕ್ಕೆ ಹೊರಡತ್ತೆ, ಅಷ್ಟರೊಳಗೆ "ಯಾರ ತಪ್ಪು" ಅಂತ ಮ್ಯಾನೇಜ್‌ಮೆಂಟಿಗೆ ಹೇಳ್ಬೇಕು, 5 ವೈ (ಐದು ಸಲ ಯಾಕೆ ಯಾಕೆ ಅಂತ ಕೇಳ್ತಾ ಹೋಗೋದು) ಮಾಡ್ಲಾ, ಕಾರಣಗಳನ್ನ ಮೀನಿನ ಮೂಳೆ ಥರ ಬರೆಯೋ ಫಿಶ್‌ಬೋನ್ ಮಾಡ್ಲಾ ಅಂತ ಕೇಳಿದೀರಿ. ಎರಡರಲ್ಲಿ ಯಾವ್ದು ಮಾಡಿದ್ರೂ ಒಂದೇ. ಯಾಕೆ ಅಂತ ಗೊತ್ತಾಗ್ಬೇಕಾದ್ರೆ ನಾನು ಮಾಡಿದ್ದು ಕೇಳಿ.

ನಾನು ಆಗ ಒಂದು ಲ್ಯಾಂಡ್ ರಿಗ್‌ನಲ್ಲಿ ಸೇಫ್ಟಿ ಆಫೀಸರ್. ಬಾವಿ ಮುಗಿದಿತ್ತು, ರಿಗ್ ಡೌನ್ ಎರಡನೇ ದಿನ. ಹಿಂದಿನ ದಿನ ಮಾಸ್ಟ್ ಇಳಿಸಿದ್ವಿ. ರಿಗ್‌ನಲ್ಲಿ ಇದ್ದವ್ರಿಗೆ ಗೊತ್ತು, ಮಾಸ್ಟ್ ಇಳಿಯೋವರೆಗೂ ಎಲ್ರಿಗೂ ಉಸಿರು ಬಿಗಿ ಹಿಡಿದಿರತ್ತೆ, ಟೂಲ್‌ಪುಷರ್ (ರಿಗ್ಗಿನ ಮೇಲ್ವಿಚಾರಕ) ಯಾರನ್ನೂ ಹತ್ರ ಬಿಡಲ್ಲ, ಒಂದು ಸಲ ಅದು ಸ್ಟ್ಯಾಂಡ್ ಮೇಲೆ ಮಲಗ್ತು ಅಂದ್ರೆ ಎಲ್ರೂ ಸಡಿಲ ಆಗ್ಬಿಡ್ತಾರೆ, ಇನ್ನೇನಿದೆ ಪಿನ್ ಹೊಡಿ ಲಾರಿಗೆ ಹಾಕು ಅಷ್ಟೇ ಅಂತ. ನಮ್ಮ ಹುಡುಗ ಹೋಗಿದ್ದು ಈ "ಅಷ್ಟೇ" ಅನ್ನೋ ಕೆಲಸದಲ್ಲಿ.

ಕ್ರೌನ್ ಸೆಕ್ಷನ್ ಬಿಚ್ತಾ ಇದ್ರು. ಮಾಸ್ಟ್‌ನ ತುದಿ ಅದು, ಪುಲ್ಲಿಗಳೆಲ್ಲ ಅಲ್ಲೇ ಇರತ್ತೆ. ಪಕ್ಕದ ಸೆಕ್ಷನ್‌ಗೆ ನಾಲ್ಕು ಪಿನ್‌ನಲ್ಲಿ ಕೂತಿರತ್ತೆ, ಕೆಳಗೆ ಎರಡು ಮೇಲೆ ಎರಡು. ಕ್ರೇನ್ ಸ್ಲಿಂಗ್ (ಭಾರ ಎತ್ತೋ ಹಗ್ಗ) ಹಾಕಿ ಆ ಸೆಕ್ಷನ್‌ನ ಭಾರ ಎಷ್ಟಿದ್ಯೋ ಅಷ್ಟನ್ನೇ ತಗೋಬೇಕು, ಆಗ ಪಿನ್ ಮೇಲೆ ಏನೂ ಒತ್ತಡ ಇರಲ್ಲ, ಸುತ್ತಿಗೆಯಲ್ಲಿ ನಾಲ್ಕು ತಟ್ಟಿದ್ರೆ ಬರತ್ತೆ. ಕಮ್ಮಿ ಎತ್ತಿದ್ರೆ ಉಳಿದ ಭಾರ ಪಿನ್ ಮೇಲೇ ಇರತ್ತೆ, ಜಾಸ್ತಿ ಎತ್ತಿದ್ರೆ ಪಿನ್ ಮೇಲ್ಮುಖ ಕಚ್ಕೊಳ್ಳತ್ತೆ. ಎಷ್ಟು ಎತ್ಬೇಕು ಅನ್ನೋ ನಂಬರ್ ಮ್ಯಾನ್ಯುಯಲ್‌ನಿಂದ ಬರತ್ತೆ. ನಮ್ಮದರಲ್ಲಿ 9.2 ಟನ್ ಅಂತಿತ್ತು. ಆಪರೇಟರ್ ಡಿಸ್‌ಪ್ಲೇ ನೋಡ್ಕೊಂಡು 9.2ಕ್ಕೆ ನಿಲ್ಲಿಸಿದಾನೆ. ಮೂರು ಪಿನ್ ಬಂತು. ನಾಲ್ಕನೇದು ಬರ್ಲಿಲ್ಲ.

ನಾನು ಕ್ಯಾಬಿನ್‌ನಲ್ಲಿ ಕೂತು ಟೀ ಕುಡೀತಾ ಪರ್ಮಿಟ್ ಫೈಲ್ ಮಾಡ್ತಿದ್ದೆ, ಸುತ್ತಿಗೆ ಸದ್ದು ಕೇಳಿಸ್ತಾನೇ ಇತ್ತು, ಹದಿನೈದು ಇಪ್ಪತ್ತು ಏಟು ಇರ್ಬೇಕು, ನಡುವೆ ಒಂದು ಸಲ ನಿಂತು ಮತ್ತೆ ಶುರುವಾಯ್ತು. ದೊಡ್ಡ ಸುತ್ತಿಗೆ ತಗೊಂಡಿದ್ರು ಅಂತ ಆಮೇಲೆ ಗೊತ್ತಾಯ್ತು. ಪಿನ್ ಬಿಗಿಯಾಗಿದೆ ಅಂದ್ರೆ ಭಾರ ಇನ್ನೂ ಅದರ ಮೇಲಿದೆ ಅಂತ ಅರ್ಥ, ಅದು ನನಗೆ ಆಗ್ಲೂ ಗೊತ್ತಿತ್ತು. ಆದ್ರೂ ಆ ಸದ್ದು ಕೇಳಿ ನಾನು ಎದ್ದು ಹೋಗ್ಲಿಲ್ಲ.

ಪಿನ್ ಹೊರಗೆ ಬಂದ ಕ್ಷಣಕ್ಕೆ ಸೆಕ್ಷನ್‌ನ ಈ ತುದಿ ಏತದ ಹಾಗೆ ಮೇಲಕ್ಕೆ ಚಿಮ್ಮಿದೆ, ಹುಡುಗ ಬಗ್ಗಿ ನಿಂತಿದ್ದ, ಲಗ್ (ಪಿನ್ ಕೂರೋ ತೂತಿನ ಕಿವಿ) ಎದೆಗೆ ಬಡಿದು ಕೆಳಗಿದ್ದ ಮರದ ಮ್ಯಾಟ್ ಮೇಲೆ ಬಿದ್ದ. ಆಂಬ್ಯುಲೆನ್ಸ್ ಬರೋ ಹೊತ್ತಿಗೆ ಮುಗಿದಿತ್ತು.

ಈಗ ನನ್ನ ತಪ್ಪು. ಇದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ನಿಮಗೆ ಬೇಕಾಗಿರೋದು ಇದೇ.

ಅವನನ್ನ ಎತ್ಕೊಂಡು ಹೋದ ಮೇಲೆ ನಾನು ಕ್ರೇನ್ ಹತ್ರ ಬಂದೆ. ಸೆಕ್ಷನ್ ಇನ್ನೂ ಹುಕ್‌ನಲ್ಲೇ ತೂಗ್ತಿತ್ತು. ನಾಲ್ಕೂ ಪಿನ್ ಇಲ್ಲ, ಯಾವ್ದಕ್ಕೂ ತಾಗಿಲ್ಲ, ಅಂದ್ರೆ ಅದರ ಪೂರ್ತಿ ಭಾರ ಕ್ರೇನ್ ಮೇಲಿದೆ. ಮತ್ತೆ ನೆಟ್ಟಗಿರ್ಲಿಲ್ಲ, ಕ್ರೌನ್ ಕಡೆ ಕೆಳಗೆ, ಜಾಯಿಂಟ್ ಕಡೆ ಮೇಲೆ, ವಾರೆಯಾಗಿ ತೂಗ್ತಿತ್ತು. ಆಪರೇಟರ್ ಕ್ಯಾಬ್ ಬಾಗಿಲು ತೆಗೆದು "ಸಾರ್, ಇದು ಹನ್ನೊಂದು ಚಿಲ್ಲರೆ ತೋರಿಸ್ತಿದೆ" ಅಂದ. ನಾನು "ಅದೆಲ್ಲ ಆಮೇಲೆ ನೋಡೋಣ, ಮೊದ್ಲು ಕೆಳಗಿಳಿಸಪ್ಪ" ಅಂದೆ.

ತೂಗ್ತಿರೋ ಲೋಡ್ ಹಾಗೇ ಬಿಟ್ಟು ಹೋಗೋ ಹಾಗಿಲ್ಲ, ಗಾಳಿ ಬೇರೆ ಇತ್ತು, ಇಳಿಸಿದ್ದು ಸರೀನೇ. ಆದ್ರೆ ಜೇಬಲ್ಲಿ ಮೊಬೈಲ್ ಇತ್ತು. ಎರಡು ಮೆಟ್ಟಿಲು ಹತ್ತಿ ಡಿಸ್‌ಪ್ಲೇದು ಒಂದು ಫೋಟೋ, ಕೆಳಗೆ ನಿಂತು ಆ ವಾರೆ ಸೆಕ್ಷನ್‌ದು ಒಂದು ಫೋಟೋ, ಹತ್ತು ಸೆಕೆಂಡಿನ ಕೆಲಸ. ಮಾಡ್ಲಿಲ್ಲ. ಇಳಿಸಿದ್ರು, ಎಂಜಿನ್ ಆಫ್ ಮಾಡಿದ್ರು. ಆ ಕ್ರೇನ್‌ನ ಲಾಗರ್ ಓವರ್‌ಲೋಡ್ ಆದ್ರೆ ಮಾತ್ರ ರೆಕಾರ್ಡ್ ಮಾಡೋ ಥರದ್ದು, 11 ಟನ್ ಅದಕ್ಕೆ ಯಾವ ಲೆಕ್ಕ. ರಿಗ್ಗರ್‌ಗಳು ಅಭ್ಯಾಸಬಲದಿಂದ ಸ್ಲಿಂಗ್ ಬಿಚ್ಚಿ ಬುಟ್ಟಿಗೆ ಹಾಕಿದ್ರು. ಆ ನಾಲ್ಕನೇ ಪಿನ್ನನ್ನ ಯಾರೋ ಪಾಪ ನೀಟಾಗಿರ್ಲಿ ಅಂತ ಪಿನ್ ಬಕೆಟ್‌ಗೆ ಹಾಕಿದಾರೆ, ಅದರಲ್ಲಿ ಅಂಥವೇ ಇಪ್ಪತ್ತು ಮೂವತ್ತು. ಗ್ರೀಸ್ ಮೆತ್ಕೊಂಡಿದ್ದ ಬಕೆಟ್ ಮುಂದೆ ಮೂರನೇ ದಿನ ಕುಕ್ಕುರುಗಾಲಲ್ಲಿ ಕೂತು ಒಂದೊಂದೇ ಒರೆಸಿ ನೋಡಿದೆ, ಯಾವ್ದರ ಒಂದು ಪಕ್ಕದಲ್ಲಿ ಹೊಸದಾಗಿ ಉಜ್ಜಿದ ಹೊಳಪಿದೆ ಅಂತ. ಎಲ್ಲದರಲ್ಲೂ ಏನೋ ಒಂದು ಗೀರು ಇತ್ತು.

ನಾನು ಕಳ್ಕೊಂಡಿದ್ದು ಬರೀ ಫೋಟೋ ಅಲ್ಲ. ಭಾರ ಎಷ್ಟಿತ್ತು ಅನ್ನೋದು ಹೋದ ಮೇಲೆ ಉಳಿದಿದ್ದು ಒಂದೇ ಕಥೆ, "ಸಿಗ್ನಲ್ ಬರೋಕೆ ಮುಂಚೆ ಪಿನ್ ಹೊಡೆದ". ಅದಕ್ಕೆ ಎದುರು ಹೇಳ್ಬೇಕಾದವನು ಸತ್ತಿದ್ದ.

ಆಮೇಲೆ ನಾನೂ 5 ವೈ ಮಾಡ್ದೆ, ಚಂದವಾಗಿ. ಯಾಕೆ ಸತ್ತ, ಸೆಕ್ಷನ್ ಬಡೀತು. ಯಾಕೆ ಬಡೀತು, ಭಾರ ಇರುವಾಗ್ಲೇ ಪಿನ್ ತೆಗೆದ. ಯಾಕೆ ತೆಗೆದ, ಸಿಗ್ನಲ್‌ಗೆ ಕಾಯ್ಲಿಲ್ಲ. ಯಾಕೆ ಕಾಯ್ಲಿಲ್ಲ, ಅವಸರ. ಯಾಕೆ ಅವಸರ, ಟ್ರೈನಿಂಗ್ ಸಾಲ್ದು. ಪರಿಹಾರ: ಎಲ್ರಿಗೂ ಮರುತರಬೇತಿ. ಎರಡನೇ ಉತ್ತರದಲ್ಲೇ ದಾರಿ ತಪ್ಪಿದೀನಿ ನೋಡಿ, ಅಲ್ಲಿ ಕೇಳ್ಬೇಕಿದ್ದಿದ್ದು "ಭಾರ ಯಾಕಿತ್ತು" ಅಂತ, ನಾನು ಕೇಳಿದ್ದು "ಅವನು ಯಾಕೆ" ಅಂತ. ಟೊಯೋಟಾದವ್ರ ವಿಧಾನ ಅದು, ವಿಧಾನದ ತಪ್ಪೇನಿಲ್ಲ, ಕೈಯಲ್ಲಿ ಸಾಕ್ಷಿ ಇಲ್ದೆ ಕೂತ್ರೆ ಅದು ನೀವು ಮೊದ್ಲೇ ಅಂದ್ಕೊಂಡಿದ್ದನ್ನೇ ಐದು ಮೆಟ್ಟಿಲು ಕಟ್ಟಿ ವಾಪಸ್ ಕೊಡತ್ತೆ. ಇಶಿಕಾವಾ ಅವ್ರ ಆ ಫಿಶ್‌ಬೋನ್ ಬರೆದಿದ್ರೂ ಅದೇ ಬರ್ತಿತ್ತು, ಮೂಳೆ ಜಾಸ್ತಿ ಇರ್ತಿತ್ತು ಅಷ್ಟೇ.

ಇನ್ನೊಂದು ನಾಚಿಕೆಗೇಡು ಹೇಳ್ಬಿಡ್ತೀನಿ. ರಿಪೋರ್ಟ್‌ಗೆ ತೂಕ ಬರ್ಲಿ ಅಂತ ಅಮೆರಿಕದ ಸಿಯಾಟಲ್ ಟವರ್ ಕ್ರೇನ್ ಕೇಸ್ ಹಾಕಿದ್ದೆ. 2019ರ ಏಪ್ರಿಲ್ 27, ಟವರ್ ಕ್ರೇನ್ ಬಿಚ್ಚುವಾಗ ಪಿನ್‌ಗಳನ್ನ ಮುಂಚೆನೇ ತೆಗೆದಿದ್ರು, ಗಾಳಿಗೆ ಟವರ್ ರಸ್ತೆ ಮೇಲೆ ಬಿತ್ತು, 4 ಜನ ಸತ್ರು. "ಪಿನ್ ಬೇಗ ತೆಗೆದ್ರೆ ಹೀಗೇ ಆಗತ್ತೆ" ಅಂತ ಹೋಲಿಸಿದ್ದೆ. ಆದ್ರೆ ಅಲ್ಲಿನ ರಾಜ್ಯದ ತನಿಖೆಯವ್ರು ಕೆಲಸಗಾರರು ಅವಸರ ಮಾಡಿದ್ರು ಅಂತ ಬರೆದು ಕೈ ತೊಳ್ಕೊಳ್ಲಿಲ್ಲ, ತಯಾರಕರ ವಿಧಾನ ಯಾಕೆ ಪಾಲಿಸ್ಲಿಲ್ಲ ಅಂತ ಮೂರು ಕಂಪನಿಗಳ ಮೇಲೆ ದಂಡ ಹಾಕಿದ್ರು. ನಾನು ಆ ಕೇಸ್‌ನ ಅರ್ಧ ಮಾತ್ರ ತಗೊಂಡೆ, ನನಗೆ ಬೇಕಾದ ಅರ್ಧ.

ಆಪರೇಟರ್‌ನ ಹೇಳಿಕೆ ತಗೊಂಡಿದ್ದು ಎರಡು ದಿನ ಆದ್ಮೇಲೆ, ಅವನ ಕಂಪನಿ ಮ್ಯಾನೇಜರ್ ಪಕ್ಕದಲ್ಲೇ ಕೂತಿದ್ದ. "ಎಲ್ಲ ನಾರ್ಮಲ್ ಇತ್ತು ಸಾರ್" ಅಂದ. ಹನ್ನೊಂದು ಅಂತ ಅವನು ಹೇಳಿದ್ದು ನನ್ನ ಕಿವಿಗೇ, "ನಾರ್ಮಲ್" ಅಂತ ಬರ್ಕೊಂಡಿದ್ದೂ ನನ್ನ ಕೈಯಲ್ಲೇ. ಸುಳ್ಳು ಬರೀಬೇಕು ಅಂತ ಬರೀಲಿಲ್ಲ, ಆ ಗಲಾಟೆಯಲ್ಲಿ ಕೇಳಿದ್ದು ತಲೇಲೇ ನಿಂತಿರ್ಲಿಲ್ಲ.

ಏಳೆಂಟು ತಿಂಗಳಾದ್ಮೇಲೆ ಮುಂದಿನ ರಿಗ್ ಮೂವ್. ಬೇರೆ ಕ್ರೇನ್, ಬೇರೆ ಆಪರೇಟರ್, ಅದೇ ಕ್ರೌನ್ ಸೆಕ್ಷನ್ ಲಾರಿಯಿಂದ ಎತ್ತಿದ. ಎತ್ತಿದ ತಕ್ಷಣ ವಾರೆಯಾಯ್ತು, ಅದೇ ವಾರೆ. ನಾನು ಓಡಿ ಹೋಗಿ ಕ್ಯಾಬ್ ಹತ್ತಿದೆ. ಹುಕ್ ಬ್ಲಾಕು, ಸ್ಲಿಂಗು ಎಲ್ಲದರ ತೂಕ ಕಳೆದ ಮೇಲೂ 11.3 ಟನ್. ಮ್ಯಾನ್ಯುಯಲ್‌ನ 9.2ಕ್ಕಿಂತ ಎರಡು ಟನ್ ಜಾಸ್ತಿ. ಹಳೇ ವರ್ಕ್ ಆರ್ಡರ್ ಕೆದಕಿದ್ರೆ, ಎರಡು ವರ್ಷ ಹಿಂದೆ ಕ್ರೌನ್ ಬ್ಲಾಕ್ (ತುದಿಯ ಪುಲ್ಲಿಗಳ ಜೋಡಣೆ) ಬದಲಾಯಿಸಿ ದೊಡ್ಡದು ಹಾಕಿದಾರೆ, ಮೇಲೆ ಓಡಾಡೋಕೆ ಪ್ಲಾಟ್‌ಫಾರ್ಮು, ರೇಲಿಂಗು ಅಂತ ವೆಲ್ಡ್ ಮಾಡಿದಾರೆ, ಎಲ್ಲ ಸೇಫ್ಟಿಗೇ ಮಾಡಿದ್ದು ನೋಡಿ. ಮ್ಯಾನ್ಯುಯಲ್‌ನಲ್ಲಾಗ್ಲಿ ಸೆಕ್ಷನ್ ಮೇಲಿನ ಪ್ಲೇಟ್‌ನಲ್ಲಾಗ್ಲಿ ತೂಕ ತಿದ್ದಿಲ್ಲ. ಆ ಎರಡು ಟನ್ ಸೇರಿದ್ದೆಲ್ಲ ಒಂದೇ ತುದಿಗೆ, ಹಾಗಾಗಿ ಸೆಕ್ಷನ್‌ನ ತೂಕದ ನಡು ಕ್ರೌನ್ ಕಡೆ ಸರಿದಿದೆ, ಸ್ಲಿಂಗ್ ಮಾತ್ರ ಹಳೇ ಗುರುತಿನಲ್ಲೇ. ಪಿನ್ ಇರೋವರೆಗೂ ಪಿನ್ನೇ ಅದನ್ನ ಹಿಡ್ಕೊಂಡಿತ್ತು.

ಅಂದ್ರೆ ಬ್ಯಾಂಕ್ಸ್‌ಮನ್ (ಕ್ರೇನಿಗೆ ಕೈಸನ್ನೆ ಮಾಡೋವನು) ಸಿಗ್ನಲ್ ಕೊಟ್ಟಿದ್ರೂ ಅದು ಚಿಮ್ತಿತ್ತು. ಆ ಹುಡುಗನ ಜಾಗದಲ್ಲಿ ಇಪ್ಪತ್ತು ವರ್ಷ ಸರ್ವಿಸ್ ಆದವನು ನಿಂತಿದ್ರೂ ಚಿಮ್ತಿತ್ತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. "ತಪ್ಪು ಯಾರದ್ದು" ಅಂತ ಹುಡುಕೋಕೆ ಹೊರಟ್ರೆ ಒಬ್ಬ ಮನುಷ್ಯ ಸಿಕ್ಕೇ ಸಿಗ್ತಾನೆ, ಅದೂ ಲೋಡ್‌ಗೆ ಅತಿ ಹತ್ರ ನಿಂತಿದ್ದವನೇ ಸಿಗ್ತಾನೆ, ಅವನು ಸಿಕ್ಕಿದ ಕೂಡ್ಲೇ ಎಲ್ರೂ ಫೈಲ್ ಮುಚ್ತಾರೆ. ಭಾರ ಎಷ್ಟಿತ್ತು, ಯಾವ ಕಡೆ ಹೋಯ್ತು, ಅದನ್ನ ತಡೀಬೇಕಿದ್ದಿದ್ದು ಏನು, ಅದು ಯಾಕೆ ಇರ್ಲಿಲ್ಲ, ಇಷ್ಟು ಕೇಳಿ. ಹೆಸರು ಬೇಕಾದವ್ರು ಪೊಲೀಸ್‌ನವ್ರು ಇದಾರೆ, ಅವ್ರು ನೋಡ್ಕೋತಾರೆ.

ನಿಮ್ಮದರಲ್ಲಿ ಇನ್ನೂ ಟೈಮ್ ಇದೆ. ಕ್ರೇನ್ ಸೈಟಲ್ಲೇ ಇದೆ, ಸೆಕ್ಷನ್ ನೆಲದ ಮೇಲಿದೆ ಅಂದ್ರಿ. ಇವತ್ತೇ ಆ ಜಾಗಕ್ಕೆ ಹಗ್ಗ ಕಟ್ಟಿಸಿ, ಪಿನ್ ಬಕೆಟ್, ಸ್ಲಿಂಗ್, ಶ್ಯಾಕಲ್, ಸುತ್ತಿಗೆ ಎಲ್ಲ ಟ್ಯಾಗ್ ಹಾಕಿ ಬೀಗ ಹಾಕಿ. ಸ್ಲಿಂಗ್ ಎಲ್ಲಿ ಕೂತಿತ್ತು ಅನ್ನೋದಕ್ಕೆ ಪೈಪ್ ಮೇಲೆ ಪೇಂಟ್ ಉಜ್ಜಿದ ಗುರುತಿರತ್ತೆ, ಮಳೆ ಬಂದು ತುಕ್ಕು ಹಿಡಿಯೋಕೆ ಮುಂಚೆ ಟೇಪ್ ಹಿಡಿದು ಅಳೀರಿ, ಟೇಪ್ ಕಾಣೋ ಹಾಗೆ ಫೋಟೋ ತೆಗೀರಿ. ಕ್ರೇನ್‌ನ ಡೇಟಾ ಏನಿದ್ಯೋ ಅದನ್ನ ಕ್ರೇನ್‌ನವ್ರ ಕೈಲಿ ಬಿಡದೆ ಎಲ್ರ ಎದುರಿಗೇ ಇಳಿಸ್ಕೊಳ್ಳಿ. ಆಮೇಲೆ ಸರ್ಕಾರದ ಇನ್ಸ್‌ಪೆಕ್ಟರ್ ಒಪ್ಪಿಗೆ ತಗೊಂಡು, ಅದಿಲ್ದೆ ಏನೂ ಮುಟ್ಬೇಡಿ, ಜನಾನ ದೂರ ಇಟ್ಟು ಅದೇ ಗುರುತಿನಲ್ಲಿ ಸ್ಲಿಂಗ್ ಹಾಕಿ ಒಂದಡಿ ಎತ್ತಿಸಿ, ಲೋಡ್ ಸೆಲ್ (ಭಾರ ಅಳೆಯೋ ಸಾಧನ) ಇದ್ರೆ ನಡುವೆ ಹಾಕಿಸಿ. ಎಷ್ಟು ತೋರಿಸತ್ತೆ, ಯಾವ ಕಡೆ ವಾಲತ್ತೆ ನೋಡಿ. ಏನೂ ವಾಲದೆ, ಮ್ಯಾನ್ಯುಯಲ್‌ನ ತೂಕವೇ ಬಂದ್ರೆ ಒಳ್ಳೇದು, ಒಂದು ಅನುಮಾನ ಕಮ್ಮಿ ಆಯ್ತು.

ಜನರ ಹತ್ರ ಮಾತಾಡೋದನ್ನ ನಾಳೆಗೆ ಇಡ್ಬೇಡಿ. ಒಬ್ಬೊಬ್ಬರನ್ನೇ, ಅವರ ಮೇಲಿನವ್ರು ಯಾರೂ ಇಲ್ದೆ, ಸಾಧ್ಯ ಆದ್ರೆ ಆ ಜಾಗದಲ್ಲೇ ನಿಲ್ಲಿಸಿ. "ಯಾಕೆ ಹಾಗೆ ಮಾಡಿದ್ರಿ" ಅಂತ ಶುರು ಮಾಡಿದ್ರೆ ಬಾಯಿ ಮುಚ್ಕೋತಾರೆ, "ಬೆಳಿಗ್ಗೆ ಬಂದಾಗಿಂದ ಏನೇನು ಮಾಡಿದ್ರಿ ಹೇಳಿ" ಅಂತ ಬಿಟ್ಬಿಡಿ, ಅವರೇ ಅಲ್ಲಿಗೆ ಬರ್ತಾರೆ. ಜೆಎಸ್‌ಎ (ಕೆಲಸಕ್ಕೆ ಮುಂಚೆ ಅಪಾಯ ಏನೇನಿದೆ ಅಂತ ಬರೆದು ಸೈನ್ ಮಾಡೋದು) ಕಾಗದದ ಒರಿಜಿನಲ್ ಕೇಳಿ. ನಮ್ಮದು ಹಿಂದಿನ ರಿಗ್ ಮೂವ್‌ದು ಜೆರಾಕ್ಸ್, ತಾರೀಕು ಮಾತ್ರ ಪೆನ್ನಲ್ಲಿ ತಿದ್ದಿತ್ತು, ತೂಕ ಅನ್ನೋ ಕಾಲಮ್‌ನಲ್ಲಿ "ಮ್ಯಾನ್ಯುಯಲ್ ನೋಡಿ" ಅಂತ ಬರೆದಿತ್ತು. ಅದರ ಕೆಳಗೆ ನನ್ನದೂ ಸೈನ್ ಇದೆ.

ಆ 11.3 ನೋಡಿದ ವಾರ ನಾನು ತನಿಖೆ ಮತ್ತೆ ತೆರೀಬೇಕು ಅಂತ ಬರೆದೆ. ತೆರೀಲಿಲ್ಲ. ಎರಡು ಪುಟದ ಅನುಬಂಧ ಸೇರಿಸೋಕೆ ಒಪ್ಪಿದ್ರು, ಸೇರಿಸಿದೆ. ಅವನ ಅಣ್ಣನಿಗೆ ಫೋನ್ ಮಾಡಿ ಹೇಳ್ದೆ, ಅವರು ಪೂರ್ತಿ ಕೇಳಿಸ್ಕೊಂಡು "ಹಾಗಾದ್ರೆ ಮೊದಲನೇ ಪುಟದಲ್ಲಿ ಇರೋದನ್ನ ತೆಗೀತಾರಾ ಸಾರ್" ಅಂತ ಕೇಳಿದ್ರು. ಮೊದಲನೇ ಪುಟದಲ್ಲಿ "ಮೃತರ ಅಸುರಕ್ಷಿತ ವರ್ತನೆ" ಅಂತ ಈಗ್ಲೂ ಇದೆ, ನಾನೇ ಟೈಪ್ ಮಾಡಿದ್ದು.

ಬುಧವಾರ ಅಂದ್ರೆ ಇನ್ನು ಎರಡು ದಿನ. ಕ್ರೇನ್ ನಿಲ್ಲಿಸಿ ಅಂತ ಇವತ್ತು ರಾತ್ರಿನೇ ಲಿಖಿತವಾಗಿ ಕಳ್ಸಿ, ಬಾಡಿಗೆ ಎಷ್ಟಾಗತ್ತೆ ಅಂತ ಅವ್ರು ಕೇಳ್ತಾರೆ, ಕೇಳ್ಲಿ.