ಎದೆಯ ಪೈಪ್ ತೆಗೆದಾಯಿತು, ಆಪರೇಷನ್ ಈಗಲೇ ಬೇಕೆ?

ದಾವಣಗೆರೆಯಿಂದ ಒಬ್ಬ ತಾಯಿ ಬರೆದಿದ್ದಾರೆ. ಮಗನಿಗೆ ಇಪ್ಪತ್ತೊಂದು, ಎತ್ತರ, ಸಪೂರ. ಊಟ ಮಾಡಿ ಕೂತವನಿಗೆ ಬಲಗಡೆ ಎದೆ ಚುಳ್ ಎಂದಿತು. ಗ್ಯಾಸ್ಟ್ರಿಕ್ ಎಂದು ಎರಡು ದಿನ ಕಳೆದರು. ಎಕ್ಸ್‌ರೇ ತೆಗೆಸಿದರೆ ಶ್ವಾಸಕೋಶ ಕುಗ್ಗಿತ್ತು. ಎದೆಯೊಳಗೆ ಸೇರಿದ್ದ ಗಾಳಿ ಹೊರತೆಗೆಯಲು ಪೈಪ್ ಹಾಕಿ ನಾಲ್ಕನೇ ದಿನ ತೆಗೆದರು. ಈಗ ಒಬ್ಬ ಡಾಕ್ಟರು ಕಾಯಿರಿ ಎನ್ನುತ್ತಾರೆ, ಇನ್ನೊಬ್ಬರು ಆಪರೇಷನ್ ಮಾಡಿಸಿಬಿಡಿ ಎನ್ನುತ್ತಾರೆ. ಯಾರನ್ನು ನಂಬಲಿ?

ಅಮ್ಮಾ, ಇಬ್ಬರೂ ನಿಮಗೆ ಮೋಸ ಮಾಡುತ್ತಿಲ್ಲ. ಆದರೆ ಮೊದಲ ಸಲದ ಮಾತೇ ಬೇರೆ, ಎರಡನೇ ಸಲದ ಮಾತೇ ಬೇರೆ.

ಇಂಥ ಹುಡುಗರಲ್ಲಿ ಹೆಚ್ಚಾಗಿ ಶ್ವಾಸಕೋಶದ ತುದಿಯಲ್ಲಿ ಸಣ್ಣ ಗುಳ್ಳೆಗಳಿರುತ್ತವೆ. ಒಂದು ಒಡೆದರೆ ಗಾಳಿ ಹೊರಬಂದು ಎದೆಗೂಡಿನೊಳಗೆ ಸೇರಿಕೊಂಡು ಶ್ವಾಸಕೋಶವನ್ನು ಒತ್ತುತ್ತದೆ. ಅವನು ಭಾರ ಎತ್ತಿದ್ದಕ್ಕಲ್ಲ, ನೀವು ಸರಿಯಾಗಿ ಊಟ ಹಾಕದ್ದಕ್ಕಂತೂ ಅಲ್ಲ. ಆ ಕೊರಗು ಬಿಡಿ.

ಎಲ್ಲರಿಗೂ ಪೈಪ್ ಬೇಕೇಬೇಕು ಎಂದೇನಿಲ್ಲ. 2020ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 316 ಜನರ ಅಧ್ಯಯನ ಪ್ರಕಟವಾಯಿತು. ಪೈಪ್ ಹಾಕದೆ ಬರೀ ಗಮನಿಸುತ್ತ ಇದ್ದವರಲ್ಲಿ ಸುಮಾರು ಶೇಕಡಾ 85 ಮಂದಿ ಪೈಪ್ ಇಲ್ಲದೆಯೇ ದಾಟಿದರು. ಎಕ್ಸ್‌ರೇಯಲ್ಲಿ ಎಷ್ಟು ಕುಗ್ಗಿದೆ ಎನ್ನುವುದಕ್ಕಿಂತ ರೋಗಿ ಎಷ್ಟು ಸರಾಗವಾಗಿ ಉಸಿರಾಡುತ್ತಾನೆ ಎನ್ನುವುದಕ್ಕೆ ಈಗ ಹೆಚ್ಚು ಬೆಲೆ. ಏದುಸಿರಿದ್ದರೆ ಸೂಜಿಯಿಂದ ಗಾಳಿ ಎಳೆಯುತ್ತಾರೆ, ಇಲ್ಲವೇ ಪೈಪ್ ಹಾಕಿ ನೀರಿನ ಬಾಟಲಿಗೆ ಜೋಡಿಸುತ್ತಾರೆ.

ಇನ್ನು ಆಪರೇಷನ್. ಮೊದಲ ಸಲ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮರುಕಳಿಸುತ್ತದೆ, ಅದೂ ಹೆಚ್ಚಾಗಿ ಒಂದೆರಡು ವರ್ಷದೊಳಗೆ. ಅಂದರೆ ಇಬ್ಬರು ಆಪರೇಷನ್ ಇಲ್ಲದೆ ಪಾರಾಗುತ್ತಾರೆ. ಹಾಗಾಗಿ ನಿಮ್ಮ ಮಗನ ವಿಷಯದಲ್ಲಿ ನನ್ನ ಒಲವು ಕಾಯುವ ಕಡೆಗೆ. ಅದೇ ಬದಿಗೆ ಮತ್ತೆ ಆದರೆ, ಎಡಗಡೆಯೂ ಆದರೆ, ಅಥವಾ ಪೈಪಿನಲ್ಲಿ ಗಾಳಿ ಐದಾರು ದಿನವಾದರೂ ನಿಲ್ಲದಿದ್ದರೆ ಹಿಂಜರಿಯಬೇಡಿ. ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಗುಳ್ಳೆಗಳನ್ನು ಕತ್ತರಿಸುತ್ತಾರೆ, ಶ್ವಾಸಕೋಶ ಎದೆಯ ಒಳಪೊರೆಗೆ ಅಂಟುವಂತೆ ಮಾಡುತ್ತಾರೆ. ಆಮೇಲೆ ಮರುಕಳಿಸುವುದು ನೂರರಲ್ಲಿ ಕೆಲವರಿಗೆ ಮಾತ್ರ. ಪಕ್ಕೆಯ ನೋವು, ಜೋಮು ಕೆಲವು ವಾರ ಕಾಡಬಹುದು. ಆಸ್ಪತ್ರೆ ದೂರವಿರುವ ಕಡೆ ಕೆಲಸ ಮಾಡುವವರಿಗೆ, ವಿಮಾನ ಓಡಿಸುವವರಿಗೆ ಮೊದಲ ಸಲವೇ ಆಪರೇಷನ್ ಹೇಳುವುದುಂಟು. ಎರಡನೇ ಡಾಕ್ಟರನ್ನು ಕೇಳಿ: ನನ್ನ ಮಗನಿಗೇ ಏಕೆ?

ಟಿಬಿ ಇಲ್ಲವೆಂದು ಖಚಿತವಾಗಿದೆಯೇ ಎಂದೂ ಕೇಳಿ. ನಮ್ಮಲ್ಲಿ ಅದನ್ನು ಬಿಡುವಂತಿಲ್ಲ, ಇದ್ದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ.

ಸಿಗರೇಟು ಸೇದುತ್ತಾನೆಯೇ? ಬೈಯದೆ ಕೇಳಿ. ಬಿಡಿಸುವುದು ನಿಮ್ಮ ಕೈಲಿರುವ ದೊಡ್ಡ ಔಷಧ. ಪೂರ್ತಿ ವಾಸಿಯಾಗಿದೆ ಎಂದು ಎಕ್ಸ್‌ರೇ ತೋರಿಸಿ ಒಂದು ವಾರವಾಗುವವರೆಗೆ ವಿಮಾನ ಬೇಡ. ಸ್ಕೂಬಾ ಡೈವಿಂಗ್ ಮಾತ್ರ ಬೇಡವೇ ಬೇಡ. ಡಾಕ್ಟರು ಸರಿ ಎಂದ ಮೇಲೆ ಚಿತ್ರದುರ್ಗದ ಕೋಟೆ ಹತ್ತಲಿ, ಭಯ ಬೇಡ.

ಮತ್ತೆ ಎದೆ ಚುಳುಕು, ಏದುಸಿರು ಬಂದರೆ ಗ್ಯಾಸ್ಟ್ರಿಕ್ ಮಾತ್ರೆ ಹುಡುಕಬೇಡಿ, ಆ ಕ್ಷಣವೇ ಆಸ್ಪತ್ರೆಗೆ. ತುಟಿ ನೀಲಿಗಟ್ಟಿದರೆ, ತಲೆ ಸುತ್ತಿದರೆ 108ಕ್ಕೆ ಕರೆ ಮಾಡಿ. ಹಳೆಯ ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿಯ ಫೋಟೊ ಅವನ ಮೊಬೈಲ್‌ನಲ್ಲೂ ಇರಲಿ.